ಗೋಡೆ ಮೇಲಿನ ‘ಇಫ್’ ಮತ್ತು ಮಗ ಕೇಳಿದ ಪ್ರಶ್ನೆ

ಪ್ರಶ್ನೆ: ನಾನು ತಿಪಟೂರಿನಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದೇನೆ. ಪಿಯುಸಿಯಲ್ಲಿದ್ದಾಗ ನಮ್ಮ ಇಂಗ್ಲಿಷ್ ಮೇಷ್ಟ್ರು ಇಂಗ್ಲಿಷ್ ಕವಿ ರಡ್ಯಾರ್ಡ್ ಕಿಪ್ಲಿಂಗ್ ಬರೆದ ‘ಇಫ್’ ಪದ್ಯ ಬಾಯಿಪಾಠ ಮಾಡಿಸಿದ್ದರು. ಗ್ಯಾರೇಜ್ ಒಮ್ಮೆ ಮುಚ್ಚಿ ಮತ್ತೆ ಶುರು ಮಾಡಿದಾಗ ಅದರ ಸಾಲುಗಳೇ ನನಗೆ ಧೈರ್ಯ ಕೊಟ್ಟವು. ಮಗನಿಗೆ ಹದಿನೆಂಟು ತುಂಬಿದ ದಿನ ಅದಕ್ಕೆ ಫ್ರೇಮ್ ಹಾಕಿಸಿ ಅವನ ಕೋಣೆಯಲ್ಲಿ ತೂಗುಹಾಕಿದೆ. ಅದೇ ವಾರ ಸಿಇಟಿ ರ‍್ಯಾಂಕ್ ಬಂದಿತ್ತು. ಅಂದುಕೊಂಡಷ್ಟು ಚೆನ್ನಾಗಿರಲಿಲ್ಲ. ಅವನು ಪದ್ಯ ಪೂರ್ತಿ ಓದಿ, “ಅಪ್ಪಾ, ಇಷ್ಟೆಲ್ಲ ಆಗದಿದ್ರೆ ನಾನು ನಿಮ್ಮ ಮಗ ಅಲ್ವಾ?” ಅಂದ. ಅವತ್ತಿನಿಂದ ಸರಿಯಾಗಿ ಮಾತಿಲ್ಲ. ನಮ್ಮ ಭಾವ, “ಕಿಪ್ಲಿಂಗ್ ಬ್ರಿಟಿಷ್ ದರ್ಬಾರಿನ ಪರ ಇದ್ದವನು, ಮೊದಲು ಅದನ್ನು ಇಳಿಸು” ಅನ್ನುತ್ತಾರೆ. ಯುದ್ಧದಲ್ಲಿ ಸತ್ತ ಮಗನ ನೆನಪಿಗೆ ಬರೆದದ್ದು ಅಂತ ಒಬ್ಬರು, ಭಗವದ್ಗೀತೆಯ ಇಂಗ್ಲಿಷ್ ರೂಪ ಅಂತ ಇನ್ನೊಬ್ಬರು. ಮಗಳು, “ಇದು ಗಂಡುಮಕ್ಕಳಿಗೆ ಮಾತ್ರಾನಾ?” ಅಂತ ಕೇಳಿದಳು. ಫ್ರೇಮ್ ಇಳಿಸಲಾ, ಇರಲಿ ಅಂತ ಬಿಡಲಾ? ನಾನು ಮಾಡಿದ್ದರಲ್ಲಿ ತಪ್ಪೇನು?

ಉತ್ತರ: ನೀವು ತಪ್ಪು ಮಾಡಿಲ್ಲ. ನಿಮ್ಮ ಮಗನೂ ಉದ್ಧಟತನ ಮಾಡಿಲ್ಲ. ಇಪ್ಪತ್ತಾರು ವರ್ಷದಿಂದ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪದ್ಯ ಪಾಠ ಮಾಡುತ್ತಿದ್ದೇನೆ. ‘ಇಫ್’ ಬಗ್ಗೆ ಇಷ್ಟು ನೇರವಾದ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳು ಕಡಿಮೆ. ಅವನು ಪದ್ಯವನ್ನು ಸರಿಯಾಗಿಯೇ ಓದಿದ್ದಾನೆ. ಅವನಿಗೆ ನೋವಾಗಿದ್ದು ಎಲ್ಲಿ ಅನ್ನುವುದು ಪದ್ಯದ ವ್ಯಾಕರಣದಲ್ಲೇ ಇದೆ.

ಪದ್ಯ ಗೊತ್ತಿಲ್ಲದವರಿಗೆ ಎರಡು ಮಾತು. ಒಟ್ಟು 32 ಸಾಲು, ನಾಲ್ಕು ಚರಣ. ಅಪ್ಪ ಮಗನಿಗೆ ಹೇಳುವ ಮಾತು. ಸುತ್ತ ಇರುವವರೆಲ್ಲ ಗಾಬರಿಬಿದ್ದು ನಿನ್ನ ಮೇಲೇ ತಪ್ಪು ಹೊರಿಸುವಾಗ ನೀನು ತಲೆ ಕೆಡಿಸಿಕೊಳ್ಳದೆ ಇದ್ದರೆ, ನಿನ್ನ ಬಗ್ಗೆ ಸುಳ್ಳು ಹಬ್ಬಿದಾಗಲೂ ನೀನು ಸುಳ್ಳಿಗೆ ಇಳಿಯದಿದ್ದರೆ, ಗೆಲುವನ್ನೂ ಸೋಲನ್ನೂ ಒಂದೇ ಥರ ಕಂಡರೆ, ಜೀವ ಸವೆಸಿ ಕಟ್ಟಿದ್ದು ಮುರಿದುಬಿದ್ದಾಗ ಬಗ್ಗಿ ಸವೆದ ಹತಾರಗಳಿಂದಲೇ ಮತ್ತೆ ಕಟ್ಟಿದರೆ, ದೊರೆಗಳ ಜೊತೆ ನಡೆದೂ ಸಾಮಾನ್ಯರ ಜೊತೆಗಿನ ನಂಟು ಬಿಡದಿದ್ದರೆ… ಹೀಗೆ ಸಾಗುತ್ತದೆ. ಕೊನೆಯಲ್ಲಿ, ಈ ಭೂಮಿ ನಿನ್ನದು, ಅದಕ್ಕಿಂತ ಹೆಚ್ಚಾಗಿ ಆಗ ನೀನು ಮನುಷ್ಯನಾಗುತ್ತೀಯ, ಮಗನೇ ಎಂದು ಮುಗಿಯುತ್ತದೆ.

ಇಡೀ ಪದ್ಯ ಒಂದೇ ವಾಕ್ಯ. ‘ಇಫ್’ ಅಂದರೆ ಕನ್ನಡದ ‘ರೆ’. ಮೊದಲ 30 ಸಾಲು ಬರೀ ‘ರೆ… ರೆ… ರೆ…’. ಫಲ ಬರುವುದು ಕೊನೆಯ ಎರಡು ಸಾಲಿನಲ್ಲಿ. ‘ಮಗನೇ’ ಎಂಬ ಮಾತು ಎಲ್ಲಕ್ಕಿಂತ ಕೊನೆಗೆ. ಮೂವತ್ತು ಸಾಲಿನ ಷರತ್ತು ದಾಟಿದ ಮೇಲೆ ಅಪ್ಪ ‘ಮಗನೇ’ ಅನ್ನುತ್ತಾನೆ. ಈಗ ನಿಮ್ಮ ಮಗನ ಪ್ರಶ್ನೆ ಇನ್ನೊಮ್ಮೆ ಓದಿ. ಅವನು ಕೇಳಿದ್ದು ಇದನ್ನೇ ಅಲ್ವಾ?

ಅದೂ ರ‍್ಯಾಂಕ್ ಬಂದ ವಾರ. ಆ ವಾರ ಮನೆಗೆ ಬಂದವರೆಲ್ಲ ಅವನಿಗೆ ‘ರೆ’ ಹಚ್ಚಿಯೇ ಮಾತಾಡಿರುತ್ತಾರೆ. ಇನ್ನೊಂದು ಸ್ವಲ್ಪ ಓದಿದ್ದರೆ, ಆ ಕೋಚಿಂಗ್‌ಗೆ ಹಾಕಿದ್ದರೆ, ಮೊಬೈಲ್ ಮುಟ್ಟದಿದ್ದರೆ. ಅದರ ಮೇಲೆ ಅಪ್ಪನ ಕೈಯಿಂದ ಗಾಜಿನ ಫ್ರೇಮಿನಲ್ಲಿ ಇನ್ನೂ ಮೂವತ್ತು ಸಾಲು. ನಿಮ್ಮ ಪಾಲಿಗೆ ಅದು ಗ್ಯಾರೇಜ್ ಮುಚ್ಚಿದ ದಿನಗಳಲ್ಲಿ ಹೆಗಲ ಮೇಲೆ ಇಟ್ಟ ಕೈ. ಅವನ ಪಾಲಿಗೆ ಇನ್ನೊಂದು ಪ್ರಶ್ನೆಪತ್ರಿಕೆ.

ಇನ್ನು ನೀವು ಕೇಳಿಸಿಕೊಂಡ ಮಾತುಗಳು. ಒಂದೊಂದರಲ್ಲೂ ಅರ್ಧ ಸತ್ಯ ಇದೆ.

ಸತ್ತ ಮಗನ ನೆನಪಿಗೆ ಬರೆದದ್ದು ಅನ್ನುವುದು ತಪ್ಪು. ‘ಇಫ್’ ಪುಸ್ತಕವೊಂದರಲ್ಲಿ ಅಚ್ಚಾಗಿದ್ದು 1910ರಲ್ಲಿ. ಕಿಪ್ಲಿಂಗ್ ಮಗ ಜಾನ್ ತೀರಿಕೊಂಡಿದ್ದು 1915ರಲ್ಲಿ. ಪದ್ಯ ಬಂದಾಗ ಅವನಿನ್ನೂ ಹದಿಮೂರರ ಹುಡುಗ. ಆದ್ದರಿಂದ ಮಗನನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಪ್ಪ ಬರೆದಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಆ ಗುಣಗಳೆಲ್ಲ ಯಾರದು ಎಂಬುದನ್ನು ಕಿಪ್ಲಿಂಗ್ ತಾನೇ ಹೇಳಿದ್ದಾನೆ. ಅವನು ಸತ್ತ ಮೇಲೆ, 1937ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿ, ಈ ಸಾಲುಗಳನ್ನು ಜೇಮ್‌ಸನ್ ಎಂಬವನ ಸ್ವಭಾವ ನೋಡಿ ಬರೆದೆ ಎಂದಿದ್ದಾನೆ.

ಯಾರು ಈ ಜೇಮ್‌ಸನ್? ದಕ್ಷಿಣ ಆಫ್ರಿಕಾಕ್ಕೆ ಹೋಗಿ ನೆಲೆಸಿದ ಸ್ಕಾಟ್ಲೆಂಡಿನ ಡಾಕ್ಟರು. ಗಣಿ ಸಾಹುಕಾರ ಸೆಸಿಲ್ ರೋಡ್ಸ್‌ಗೆ ಆಪ್ತ. 1895ರ ಡಿಸೆಂಬರ್ ಕೊನೆಗೆ ಐನೂರಕ್ಕೂ ಜಾಸ್ತಿ ಸವಾರರನ್ನು ಕಟ್ಟಿಕೊಂಡು ಪಕ್ಕದ ಟ್ರಾನ್ಸ್‌ವಾಲ್ ದೇಶದೊಳಕ್ಕೆ ನುಗ್ಗಿದ. ಅದು ಬೋಯರ್ ಜನರ, ಅಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದವರ ದೇಶ. ನೆಲದಡಿ ಚಿನ್ನ ಇತ್ತು. ತಾನು ಹೋಗುತ್ತಿದ್ದಂತೆ ಜೊಹಾನ್ಸ್‌ಬರ್ಗ್‌ನಲ್ಲಿ ದಂಗೆ ಏಳುತ್ತದೆ ಎಂಬ ಲೆಕ್ಕ ಅವನದು. ದಂಗೆ ಏಳಲಿಲ್ಲ. ಅಲ್ಲಿನ ರಾಜಧಾನಿ ಪ್ರಿಟೋರಿಯಾಕ್ಕೆ ಹೋಗುವ ಟೆಲಿಗ್ರಾಫ್ ತಂತಿ ಕತ್ತರಿಸುವ ಕೆಲಸವೂ ತಪ್ಪಿಹೋಯಿತು, ಸುದ್ದಿ ಮೊದಲೇ ಮುಟ್ಟಿತು. 1896ರ ಜನವರಿ 2ಕ್ಕೆ ಶರಣಾದ. ಲಂಡನ್‌ನಲ್ಲಿ ವಿಚಾರಣೆ ನಡೆದು ಹದಿನೈದು ತಿಂಗಳ ಜೈಲು ಶಿಕ್ಷೆಯಾಯಿತು. ಹಿಂದಿದ್ದ ದೊಡ್ಡವರತ್ತ ಬೆರಳು ತೋರಿಸದೆ ಹೊಣೆ ಹೊತ್ತುಕೊಂಡ ಅಂತ ಕಿಪ್ಲಿಂಗ್‌ನಂಥವರಿಗೆ ಅವನ ಮೇಲೆ ಅಭಿಮಾನ. ಆಮೇಲೆ 1904ರಲ್ಲಿ ಅದೇ ಮನುಷ್ಯ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರ ಕೈಯಲ್ಲಿದ್ದ ಕೇಪ್ ಕಾಲೊನಿಯ ಪ್ರಧಾನಿಯೂ ಆದ.

ಇದನ್ನು ತಿಳಿದು ಪದ್ಯ ಓದಿದರೆ ಸಾಲುಗಳು ಎಲ್ಲಿಂದ ಬಂದವು ಅಂತ ಕಾಣುತ್ತದೆ. ಸುತ್ತಲಿನವರು ತಪ್ಪು ಹೊರಿಸುವುದು, ಗೆದ್ದಿದ್ದನ್ನೆಲ್ಲ ಒಂದೇ ಆಟಕ್ಕೆ ಒಡ್ಡಿ ಸೋಲುವುದು, ಬಾಯಿಬಿಡದೆ ಮತ್ತೆ ಮೊದಲಿನಿಂದ ಶುರುಮಾಡುವುದು. ಆದರೆ ಇನ್ನೊಂದೂ ಕಾಣುತ್ತದೆ. ಜೇಮ್‌ಸನ್ ಧೈರ್ಯವಂತ ಇರಬಹುದು. ಅವನು ಮಾಡಲು ಹೊರಟಿದ್ದು ಇನ್ನೊಬ್ಬರ ದೇಶಕ್ಕೆ ನುಗ್ಗುವ ಕೆಲಸ.

ನಿಮ್ಮ ಭಾವನ ಮಾತು ಇಲ್ಲಿಗೆ ಬಂದು ಸೇರುತ್ತದೆ. ಕಿಪ್ಲಿಂಗ್ ಸಾಮ್ರಾಜ್ಯದ ಪರ ಇದ್ದದ್ದು ನಿಜ. ಬಿಳಿಯರು ಉಳಿದವರನ್ನು ಆಳುವುದೇ ಒಂದು ಹೊರೆ ಹೊತ್ತ ಸೇವೆ ಎಂದು 1899ರಲ್ಲಿ ಪದ್ಯ ಬರೆದವನು ಅವನೇ. 2018ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಸಂಘದ ಕಟ್ಟಡದ ಗೋಡೆ ಮೇಲಿದ್ದ ‘ಇಫ್’ ಮೇಲೆ ಬಣ್ಣ ಬಳಿದು, ಅಮೆರಿಕದ ಕಪ್ಪು ಕವಯಿತ್ರಿ ಮಾಯಾ ಏಂಜಲೋ ಪದ್ಯ ಬರೆದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ನಾನು ಈ ಪದ್ಯ ಪಾಠ ಮಾಡುವುದನ್ನು ಬಿಟ್ಟಿಲ್ಲ, ಅದರ ಕೊರತೆಯನ್ನೂ ಹೇಳದೆ ಬಿಡುವುದಿಲ್ಲ. ಹೇಗೆ ನಿಲ್ಲಬೇಕು ಅಂತ 30 ಸಾಲು ಹೇಳುವ ಪದ್ಯ, ಯಾವುದರ ಪರ ನಿಲ್ಲಬೇಕು ಅಂತ ಒಂದು ಸಾಲೂ ಹೇಳುವುದಿಲ್ಲ. ಜೀವ ಸವೆಸಿ ಕಟ್ಟಿದ್ದು ಮುರಿದರೆ ಮತ್ತೆ ಕಟ್ಟು ಅನ್ನುತ್ತದೆ. ಏನನ್ನು ಕಟ್ಟಿದ್ದು? ನೀವು ಕಟ್ಟಿದ್ದು ಗ್ಯಾರೇಜ್, ನಾಲ್ಕು ಜನರಿಗೆ ಅನ್ನ ಕೊಡುವ ಜಾಗ. ಹಾಗಾಗಿ ಆ ಸಾಲು ನಿಮ್ಮ ಬಾಯಲ್ಲಿ ಶುದ್ಧವಾಯಿತು. ಕನಿಕರ, ನ್ಯಾಯ, ಕ್ಷಮೆ, ಇನ್ನೊಬ್ಬರ ಸಹಾಯ ಕೇಳುವುದು, ಇವು ಯಾವುವೂ ಪದ್ಯದಲ್ಲಿಲ್ಲ. ಅದನ್ನು ಮನೆಯವರೇ ತುಂಬಬೇಕು.

ಗೀತೆಯ ಮಾತಿಗೆ ಬಂದರೆ, ಖುಷ್ವಂತ್ ಸಿಂಗ್ ಕೂಡ ಈ ಪದ್ಯವನ್ನು ಗೀತೆಯ ಸಾರ ಎಂದಿದ್ದರು. ‘ಸುಖದುಃಖೇ ಸಮೇ ಕೃತ್ವಾ ಲಾಭಾಲಾಭೌ ಜಯಾಜಯೌ’ ಎಂಬುದು ಕಿವಿಯಲ್ಲಿ ಇರುವವರಿಗೆ ಗೆಲುವು ಸೋಲಿನ ಸಾಲು ಓದಿದ ತಕ್ಷಣ ಹಾಗೆ ಅನ್ನಿಸುವುದು ಸಹಜ. ಕಿಪ್ಲಿಂಗ್ ಹುಟ್ಟಿದ್ದೂ ಮುಂಬೈನಲ್ಲಿ, 1865ರಲ್ಲಿ. ಆದರೆ ಅನುವಾದ ಅಲ್ಲ. ದೊಡ್ಡ ವ್ಯತ್ಯಾಸವೂ ಇದೆ. ಗೀತೆ ಫಲದ ಆಸೆ ಬಿಡು ಅನ್ನುತ್ತದೆ. ‘ಇಫ್’ ಕೊನೆಗೆ ಫಲ ಕೊಡುತ್ತದೆ, ಅದೂ ಇಡೀ ಭೂಮಿಯನ್ನೇ.

ಆ ಗೆಲುವು ಸೋಲಿನ ಸಾಲಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಿಮ್ಮ ಮಗನಿಗೆ ಈಗ ಬೇಕಾದ್ದು ಅದೇ. ವಿಂಬಲ್ಡನ್‌ನ ಸೆಂಟರ್ ಕೋರ್ಟಿಗೆ ಆಟಗಾರರು ಹೋಗುವ ಬಾಗಿಲ ಮೇಲೆ ಬರೆದಿರುವುದೂ ಅದನ್ನೇ. ಅಲ್ಲಿ ಗೆಲುವು ಸೋಲುಗಳನ್ನು ಕಿಪ್ಲಿಂಗ್ ‘ಇಂಪೋಸ್ಟರ್’ ಅನ್ನುತ್ತಾನೆ. ಮೋಸಗಾರ ಅಂದರೆ ಪೂರ್ತಿ ಸರಿಹೋಗದು. ತಾನಲ್ಲದ ರೂಪ ಹೊತ್ತು ಬಂದವನು. ಗದಗದ ಕಡೆ ನಮ್ಮ ಊರಿಗೆ ಹಗಲುವೇಷದವರು ಬರುತ್ತಿದ್ದರು. ನಾನು ನಾಲ್ಕೈದು ವರ್ಷದವನು. ಒಂದು ಬೆಳಗ್ಗೆ ಬಾಗಿಲು ತೆಗೆದರೆ ಎದುರಿಗೆ ರಾವಣ. ಕೆಂಪು ಕಣ್ಣು, ದೊಡ್ಡ ಮೀಸೆ, ಕೈಯಲ್ಲಿ ಗದೆ. ಕಿರುಚಿಕೊಂಡು ಒಳಗೆ ಓಡಿದೆ. ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ರಾವಣನನ್ನು ಹೆಸರು ಹಿಡಿದು ಕರೆದು, ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರಾ ಅಂತ ಕೇಳಿ, ಒಂದು ಮೊರ ಜೋಳ ಹಾಕಿದಳು. ಮರುದಿನ ಅದೇ ಮನುಷ್ಯ ರಾಮನಾಗಿ ಬಂದ. ಅವ್ವ ಅಷ್ಟೇ ಜೋಳ ಹಾಕಿದಳು.

‘ಎರಡನ್ನೂ ಒಂದೇ ಥರ ಕಾಣು’ ಅಂದರೆ ಇದು. ರಾವಣನಿಗೆ ಹೆದರಬೇಡ ಅಂತ ಅವ್ವ ನನಗೆ ಪಾಠ ಹೇಳಲಿಲ್ಲ. ಅವಳಿಗೆ ವೇಷದ ಹಿಂದಿನ ಮುಖ ಗೊತ್ತಿತ್ತು, ಅಷ್ಟೇ. ಸಿಇಟಿ ರ‍್ಯಾಂಕ್ ಕೂಡ ವೇಷ ಹಾಕಿಕೊಂಡು ಬಾಗಿಲಿಗೆ ಬಂದಿದೆ. ‘ನೀನು ಯಾರು ಅಂತ ತೀರ್ಮಾನ ಮಾಡುವವನು ನಾನೇ’ ಅನ್ನುತ್ತಿದೆ. ಅದು ಒಂದು ಪರೀಕ್ಷೆಯ ನಂಬರು. ಸೀಟು ಎಲ್ಲಿ ಸಿಗುತ್ತದೆ ಎಂಬಷ್ಟು ಮಾತ್ರ ಹೇಳಬಲ್ಲದು. ಅದು ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ, ಬೇಕಿದ್ದ ಸೀಟು ತಪ್ಪಿದ ಹುಡುಗನಿಗೆ ಹಾಗೆ ಹೇಳಿದರೆ ಕಿವಿಗೆ ಹೋಗುವುದೂ ಇಲ್ಲ. ಅದು ರಾವಣ ಅಲ್ಲ ಅಂತ ಮಾತ್ರ ಹೇಳುತ್ತಿದ್ದೇನೆ.

ಎರಡು ಸಾಲುಗಳ ಬಗ್ಗೆ ನನಗೆ ತಕರಾರಿದೆ. ಒಂದು, ಸೋತ ಮೇಲೆ ಅದರ ಬಗ್ಗೆ ತುಟಿ ಬಿಚ್ಚಬೇಡ ಅನ್ನುವುದು. ಇನ್ನೊಂದು, ಶತ್ರುಗಳಾಗಲಿ ಪ್ರೀತಿಸುವ ಗೆಳೆಯರಾಗಲಿ ನಿನ್ನನ್ನು ನೋಯಿಸಲಾಗದ ಹಾಗೆ ಇರು ಅನ್ನುವುದು. ಮೊದಲನೆಯದು ಪದ್ಯದಲ್ಲಿ ಬರುವುದು ನಾಣ್ಯ ಎಸೆದು ಆಡುವ ಜೂಜಿನ ಮಾತಾಗಿ. ನೀನೇ ಒಡ್ಡಿ ಸೋತಿದ್ದನ್ನು ಊರಿಗೆಲ್ಲ ಹೇಳಿಕೊಂಡು ಅಳಬೇಡ ಅಂತ. ಹದಿನೆಂಟರ ಹುಡುಗನಿಗೆ ಅದು ಹಾಗೆ ಕೇಳಿಸುವುದಿಲ್ಲ. ‘ನೋವಾದರೆ ಮನೆಯಲ್ಲಿ ಹೇಳಬೇಡ’ ಅಂತ ಕೇಳಿಸುತ್ತದೆ. ತರಗತಿಯಲ್ಲಿ ಈ ಸಾಲಿಗೆ ಬಂದಾಗ ತಲೆ ತಗ್ಗಿಸಿ ಕೂತ ಹುಡುಗರನ್ನು ನಾನು ನೋಡಿದ್ದೇನೆ. ಹಾಗಾಗಿ ಈಗ ಈ ಸಾಲು ಓದಿದ ಕೂಡಲೇ ಪುಸ್ತಕ ಮುಚ್ಚಿ, ಜಾನ್ ಕಥೆ ಹೇಳುತ್ತೇನೆ.

ಜಾನ್‌ಗೆ ದೃಷ್ಟಿ ಬಹಳ ಕಡಿಮೆ. ಕನ್ನಡಕ ಇಲ್ಲದೆ ಸರಿಯಾಗಿ ಕಾಣುತ್ತಿರಲಿಲ್ಲ. 1914ರಲ್ಲಿ ಮಹಾಯುದ್ಧ ಶುರುವಾದಾಗ ಸೈನ್ಯ ಅವನನ್ನು ತೆಗೆದುಕೊಳ್ಳಲಿಲ್ಲ. ಅಪ್ಪ ತನಗೆ ಪರಿಚಯವಿದ್ದ ಲಾರ್ಡ್ ರಾಬರ್ಟ್ಸ್ ಎಂಬ ಹಿರಿಯ ಸೇನಾನಿಯ ಹತ್ತಿರ ಹೇಳಿಸಿ ಐರಿಷ್ ಗಾರ್ಡ್ಸ್ ಪಡೆಗೆ ಸೇರಿಸಿದ. 1915ರ ಆಗಸ್ಟ್‌ನಲ್ಲಿ ಹುಡುಗನಿಗೆ ಹದಿನೆಂಟು ತುಂಬಿತು. ಸೆಪ್ಟೆಂಬರ್ 27ಕ್ಕೆ, ಫ್ರಾನ್ಸ್‌ನ ಲೂಸ್ ಕದನದಲ್ಲಿ ಕಾಣೆಯಾದ. ಅಪ್ಪ ಅಮ್ಮ ವರ್ಷಗಟ್ಟಲೆ ಹುಡುಕಿದರು, ಬದುಕಿ ಬಂದ ಸೈನಿಕರನ್ನು ವಿಚಾರಿಸಿದರು. ದೇಹ ಇದೇ ಎಂದು ಗುರುತು ಹಿಡಿದಿದ್ದನ್ನು ನೋಡುವ ಭಾಗ್ಯ ಅವರಿಗೆ ಬರಲೇ ಇಲ್ಲ. ಮುಂದೆ ಕಿಪ್ಲಿಂಗ್ ಯುದ್ಧದ ಸಮಾಧಿಗಳ ಆಯೋಗ ಸೇರಿದ. ಹೆಸರು ತಿಳಿಯದ ಸೈನಿಕರ ಗೋರಿ ಕಲ್ಲಿನ ಮೇಲೆ ‘ದೇವರಿಗೆ ಗೊತ್ತು’ ಎಂಬ ಅರ್ಥದ ಮಾತು ಕೆತ್ತಿಸಿದವನು ಅವನೇ. ಮಗನ ಪಡೆಯ ಇತಿಹಾಸವನ್ನು ಎರಡು ಸಂಪುಟದಲ್ಲಿ ಬರೆದು 1923ರಲ್ಲಿ ಪ್ರಕಟಿಸಿದ. ಅಷ್ಟು ದೊಡ್ಡ ಪುಸ್ತಕದಲ್ಲಿ ಸ್ವಂತ ಮಗನ ವಿಷಯ ಸುಮ್ನೆ ಬಂದು ಹೋಗುತ್ತದೆ. ತುಟಿ ಬಿಚ್ಚಬೇಡ ಅಂತ ಬರೆದವನು ಹಾಗೆಯೇ ನಡೆದುಕೊಂಡ.

ಆದರೆ ಅದಕ್ಕೂ ಮೊದಲು, 1919ರಲ್ಲಿ, ಯುದ್ಧದಲ್ಲಿ ಸತ್ತವರ ಬಾಯಲ್ಲಿ ಎರಡು ಸಾಲು ಹೇಳಿಸಿದ್ದ. ನಾವು ಯಾಕೆ ಸತ್ತೆವು ಅಂತ ಯಾರಾದರೂ ಕೇಳಿದರೆ, ನಮ್ಮ ಅಪ್ಪಂದಿರು ಸುಳ್ಳು ಹೇಳಿದ್ದಕ್ಕೆ ಅನ್ನಿ. ಇಂಗ್ಲಿಷಿನಲ್ಲಿ ಇದೂ ‘ಇಫ್’ ಎಂದೇ ಶುರುವಾಗುತ್ತದೆ. ಆಗಿನ ರಾಜಕಾರಣಿಗಳನ್ನು ಕುರಿತು ಬರೆದದ್ದು ಅಂತ ಓದುವವರೂ ಇದ್ದಾರೆ. ನನಗೆ ಮಾತ್ರ ಅದರಲ್ಲಿ ಒಬ್ಬ ಅಪ್ಪನ ಧ್ವನಿ ಕೇಳಿಸುತ್ತದೆ. ನಿಮ್ಮ ಮನೆಯಲ್ಲಿ ಗೋಡೆ ಮೇಲೆ ಇರುವ ಪದ್ಯದ ಜೊತೆ ಈ ಎರಡು ಸಾಲನ್ನೂ ಓದಿಕೊಳ್ಳಿ. ಬುದ್ಧಿಮಾತು ಹೇಳಿದ ಅಪ್ಪನೂ ಆ ಮೂವತ್ತು ಸಾಲಿನ ಷರತ್ತು ದಾಟಿದವನಲ್ಲ. ಅದು ಅವನಿಗೂ ಗೊತ್ತಿತ್ತು. ಈ ಪದ್ಯದಲ್ಲಿರುವುದು ಪರಿಪೂರ್ಣತೆಯ ಬುದ್ಧಿಮಾತು, ಅಂಥದ್ದನ್ನು ಕೊಡುವುದು ಬಹಳ ಸುಲಭ ಎಂದು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಶಾಲೆಗಳಲ್ಲಿ ಇದನ್ನು ಶಿಕ್ಷೆಯಾಗಿ ಮಕ್ಕಳ ಕೈಲಿ ಬರೆಸುತ್ತಿದ್ದರಂತೆ. “ಯಾಕಾದ್ರೂ ಇದನ್ನ ಬರೆದ್ರಿ?” ಅಂತ ಮಕ್ಕಳು ಅವನನ್ನೇ ಕೇಳಿದ್ದರು ಎಂದೂ ಬರೆದುಕೊಂಡಿದ್ದಾನೆ.

ಈಗ ಫ್ರೇಮ್ ವಿಷಯ.

ಸದ್ದಿಲ್ಲದೆ ಇಳಿಸಿಬಿಡಬಹುದು. ಆದರೆ ಮಗ ಅದನ್ನು ‘ಅಪ್ಪ ನನ್ನ ಮೇಲಿನ ಆಸೆ ಬಿಟ್ಟರು’ ಅಂತ ಓದಿಕೊಳ್ಳುವ ಸಾಧ್ಯತೆ ಜಾಸ್ತಿ. ಗೋಡೆ ಮೇಲೆ ಉಳಿದ ಮೊಳೆಯೂ ಮಾತಾಡುತ್ತದೆ. ಹಾಗೇ ಬಿಟ್ಟು ಸುಮ್ಮನಿದ್ದರೆ ದಿನಾ ಬೆಳಗ್ಗೆ ಎದ್ದಾಗ ಅವನ ಕಣ್ಣಿಗೆ ಬೀಳುವುದು ಅದೇ ಪ್ರಶ್ನೆಪತ್ರಿಕೆ. ಪದ್ಯದ ಅರ್ಥ ವಿವರಿಸಿ ಸಮಾಧಾನ ಮಾಡೋಣ ಅಂದುಕೊಂಡರೆ, ಅದು ಹತ್ತು ನಿಮಿಷದಲ್ಲಿ ಮಾರ್ಕ್ಸ್ ವಿಷಯಕ್ಕೆ ತಿರುಗುತ್ತದೆ. ಮನೆಯ ಮಾತು ಹಾಗೇ ಅಲ್ವಾ?

ನಾನು ಹೇಳುವುದು ಇಷ್ಟು. ಒಂದು ಭಾನುವಾರ ಗ್ಯಾರೇಜಿಗೇ ಕರೆದುಕೊಂಡು ಹೋಗಿ. ಎದುರುಬದುರು ಕೂರಬೇಡಿ, ಕೈಗೆ ಏನಾದರೂ ಕೆಲಸ ಇರಲಿ. ಮೊದಲು ಅವನ ಪ್ರಶ್ನೆಗೆ ಉತ್ತರ ಕೊಡಿ. “ಇದ್ಯಾವುದೂ ಆಗದಿದ್ರೂ ನೀನು ನನ್ನ ಮಗನೇ.” ಇಷ್ಟೇ. ಇದರ ಹಿಂದೆ ‘ಆದರೆ’ ಬರಬಾರದು. ಬಂದರೆ ಅಲ್ಲಿಗೆ ಎಲ್ಲ ಹೋಯಿತು. ಆಮೇಲೆ, ಅವನು ಕೇಳುವ ಮನಸ್ಸಿನಲ್ಲಿದ್ದರೆ, ಗ್ಯಾರೇಜ್ ಮುಚ್ಚಿದ ದಿನದ ಕಥೆ ಹೇಳಿ. ಸವೆದ ಹತಾರದಿಂದ ಮತ್ತೆ ಕಟ್ಟುವ ಸಾಲು ಹೇಳುವಾಗ ನಿಮ್ಮ ಹಳೆಯ ಸ್ಪ್ಯಾನರ್ ಅವನ ಕೈಗೆ ಕೊಡಿ. ಸವೆದ ಸ್ಪ್ಯಾನರ್ ನಟ್ಟಿನ ಮೇಲೆ ಹೇಗೆ ಜಾರುತ್ತದೆ, ಗೆಣ್ಣು ಹೇಗೆ ಕಿತ್ತುಬರುತ್ತದೆ ಅನ್ನುವುದು ಕಿಪ್ಲಿಂಗ್‌ಗಿಂತ ನಿಮಗೆ ಚೆನ್ನಾಗಿ ಗೊತ್ತು. ನೀವು ತಲೆ ಕೆಡಿಸಿಕೊಂಡ ದಿನವನ್ನೂ ಹೇಳಿ. ಯಾರ ಹತ್ತಿರ ಸಾಲ ಕೇಳಿದಿರಿ, ಯಾರ ಮುಂದೆ ಅತ್ತಿರಿ ಅನ್ನುವುದನ್ನೂ. ಅಪ್ಪ ಫೇಲಾದ ಸಾಲು ಯಾವುದು ಅಂತ ಗೊತ್ತಾದ ಮೇಲೆ ಮಗ ಉಳಿದ ಸಾಲುಗಳನ್ನು ಹೆದರದೆ ಓದುತ್ತಾನೆ. ಇದರಲ್ಲೂ ಒಂದು ಅಪಾಯ ಇದೆ. ‘ನಾನು ಅಷ್ಟು ಕಷ್ಟಪಟ್ಟೆ, ನಿನಗೇನು ಕಮ್ಮಿ ಆಗಿದೆ’ ಅನ್ನುವ ಧಾಟಿಗೆ ಕಥೆ ಜಾರಬಹುದು. ಜಾರಿದ್ದು ಗೊತ್ತಾದರೆ ಅಲ್ಲೇ ನಿಲ್ಲಿಸಿ, ಟೀ ಕುಡಿದು ಬನ್ನಿ. ಫ್ರೇಮ್ ಎಲ್ಲಿರಬೇಕು ಅಂತ ಕೊನೆಗೆ ಅವನನ್ನೇ ಕೇಳಿ. ನನ್ನನ್ನು ಕೇಳಿದರೆ, ಅದರ ಜಾಗ ನಿಮ್ಮ ಗ್ಯಾರೇಜಿನ ಗೋಡೆ. ಆ ಪದ್ಯ ಮೊದಲಿನಿಂದಲೂ ನಿಮ್ಮದು.

ಒಂದು ವಿಷಯ ಮಾತ್ರ ಪದ್ಯದಿಂದ ಸರಿಹೋಗುವುದಿಲ್ಲ. ಮಗ ಊಟ ನಿದ್ದೆ ಬಿಟ್ಟಿದ್ದರೆ, ಗೆಳೆಯರನ್ನೂ ದೂರ ಇಟ್ಟಿದ್ದರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತು ಆಡಿದ್ದರೆ, ಭಾನುವಾರಕ್ಕೆ ಕಾಯಬೇಡಿ. ಅವನನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಕೊನೆಗೆ ಮಗಳ ಪ್ರಶ್ನೆ. ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ಪದ್ಯದ ಕೊನೆಯ ಸಾಲು ಕನ್ನಡಕ್ಕೆ ತನ್ನಿ ಅನ್ನುತ್ತೇನೆ. ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ‘ಮ್ಯಾನ್’ ಎಂಬ ಪದದಲ್ಲಿ. ಕೆಲವರು ‘ಗಂಡಸು’ ಅಂತ ಬರೆಯುತ್ತಾರೆ, ಕೆಲವರು ‘ಮನುಷ್ಯ’. 1910ರಲ್ಲಿ ಅಚ್ಚಾದ ಈ ಪದ್ಯವನ್ನು ಕಿಪ್ಲಿಂಗ್ ಬರೆದದ್ದು ಗಂಡುಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ, ಅದನ್ನು ಮುಚ್ಚಿಡುವುದು ಬೇಡ. ಆದರೆ ಕನ್ನಡದ ಅಪ್ಪ ಅಮ್ಮಂದಿರು “ಯಾವಾಗ ಮನುಷ್ಯ ಆಗ್ತೀಯೋ?” ಅಂತ ಬೈಯುವಾಗ ಅದು ಮೀಸೆಯ ಮಾತಲ್ಲ. ತಿಳಿವಳಿಕೆ, ಮನಸ್ಸಾಕ್ಷಿ ಬರಲಿ ಅಂತ. ನಮ್ಮ ಭಾಷೆಯಲ್ಲಿ ಆ ಸಾಲು ಮಗಳಿಗೂ ಸಲ್ಲುತ್ತದೆ. ಅವಳಿಗೆ ಹಾಗೇ ಹೇಳಿ.

‘ಮಗನೇ’ ಎಂಬ ಪದ ಇನ್ನೂ ಕಷ್ಟ. ಪುಸ್ತಕದಲ್ಲಿ ಸರಿ, ಬೀದಿಯಲ್ಲಿ ಅದು ಜಗಳ ತೆಗೆಯುವ ಮಾತು. ಒಂದು ವರ್ಷ ಒಬ್ಬ ವಿದ್ಯಾರ್ಥಿನಿ ಸಾಲನ್ನು ತಿರುಗಿಸಿ, ಕೊನೆಯ ಪದವನ್ನು ಮುಂದೆ ತಂದು ಬರೆದಳು: “ಕಂದಾ, ಆಗ ನೀನು ಮನುಷ್ಯ ಕಣೋ.” ಪಾಠ ಮಾಡಲು ಶುರು ಮಾಡಿದ ಮೇಲೆ ಆ ಸಾಲು ಅಷ್ಟು ಬೆಚ್ಚಗೆ ಕೇಳಿಸಿದ್ದು ಅದೇ ಮೊದಲು. ಮಗನ ಹತ್ತಿರ ಈ ಪದ್ಯ ಮತ್ತೆ ಓದುವ ದಿನ ಬಂದರೆ ನೀವೂ ಹಾಗೇ ಮಾಡಿ. ಮನೆಯಲ್ಲಿ ಅವನನ್ನು ಏನಂತ ಕರೆಯುತ್ತೀರೋ, ಚಿಕ್ಕವನಿದ್ದಾಗಿನ ಆ ಹೆಸರನ್ನು ಮೊದಲ ಸಾಲಿಗೂ ಮುಂಚೆ ಹೇಳಿ, ಆಮೇಲೆ ಓದಲು ಶುರು ಮಾಡಿ.